ಹಳೆಯ ಆಟಗಳ ಸಂಗೀತವೂ ಅದರ ಮೂಲ ಕಡತಗಳೂ

ಹಳೆಯದೆಲ್ಲವೂ ಹೊನ್ನೆಂಬ ವಾದ ನನ್ನದಲ್ಲ. ಆದರೆ ಹಳೆಯದನ್ನು ಹೊಸ ಪಾತ್ರೆಗೆ ಬಗ್ಗಿಸಿಕೊಂಡ ಮರುಕ್ಷಣವೇ ಮೂಲವನ್ನು ಚೆಲ್ಲಿಬಿಡುವ ಅವಸರ ನನಗೆ ಒಪ್ಪಿಗೆಯಿಲ್ಲ. ಈ ಮಾತನ್ನು ಹಳೆಯ ವಿಡಿಯೋ ಆಟಗಳ ಸಂಗೀತದ ವಿಷಯದಲ್ಲಿ ವಾಚಕರ ಮುಂದಿಡಬಯಸುತ್ತೇನೆ. ಬಿ.ಎ. ವಿದ್ಯಾರ್ಥಿಗೆ ಇದೆಂಥ ವಿಷಯವೆಂದು ಹಿರಿಯರು ನಗಬಹುದು. 1985ರ ಸೂಪರ್ ಮಾರಿಯೋ ಆಟಕ್ಕೆ ಕೋಜಿ ಕೊಂಡೊ ರಚಿಸಿದ ಸಂಗೀತವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2023ರಲ್ಲಿ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿಕೊಂಡಿತೆಂಬುದನ್ನು ಅವರ ಗಮನಕ್ಕೆ ತಂದು ಮುಂದುವರಿಯುತ್ತೇನೆ.

ಜಪಾನಿನ ನಿಂಟೆಂಡೊ ಕಂಪನಿಯು 1983ರಲ್ಲಿ ಫ್ಯಾಮಿಕಾಮ್ ಎಂಬ ಆಟದ ಯಂತ್ರವನ್ನೂ 1990ರಲ್ಲಿ ಸೂಪರ್ ಫ್ಯಾಮಿಕಾಮನ್ನೂ ಹೊರತಂದಿತು. ಮೊದಲನೆಯದರ ಅಗ್ಗದ ನಕಲುಗಳು ನಮ್ಮ ಊರುಗಳ ಟಿ.ವಿ.ಗಳ ಮುಂದೆಯೂ ಬಂದು ಕೂತಿದ್ದವು. ಈ ಯಂತ್ರಗಳಲ್ಲಿ ಸಂಗೀತ ಧ್ವನಿಮುದ್ರಿಕೆಯಾಗಿ ಇರಲಿಲ್ಲ. ಅಷ್ಟು ಜಾಗವೆಲ್ಲಿ? ಸೋನಿ ಕಂಪನಿಯ ಕೆನ್ ಕುತರಾಗಿ ಸೂಪರ್ ಫ್ಯಾಮಿಕಾಮಿಗೆಂದು ರೂಪಿಸಿದ ಧ್ವನಿವಿಭಾಗಕ್ಕೆ ಇದ್ದುದು ಎಂಟೇ ನಾದಮಾರ್ಗ, 64 ಕಿಲೋಬೈಟ್ ಸ್ಮರಣೆ. ವಾದ್ಯಗಳ ನಾದದ ತುಣುಕು, ಸ್ವರಗಳ ಸಾಲು, ಅವನ್ನು ನುಡಿಸುವ ಪ್ರೋಗ್ರಾಮು ಎಲ್ಲವೂ ಅಷ್ಟರಲ್ಲೇ ಸಂಸಾರ ಹೂಡಬೇಕು. ಆ ಸ್ಮರಣೆಯನ್ನು ಒಂದು ಕ್ಷಣದಲ್ಲಿ ಇದ್ದಂತೆಯೇ ತೆಗೆದಿಟ್ಟದ್ದೇ ಎಸ್‌ಪಿಸಿ ಎಂಬ ಕಡತ. ಹಾಡಿನ ಸ್ವರಲಿಪಿ, ವಾದ್ಯ, ವಾದಕ ಮೂವರೂ ಒಂದೇ ಪೆಟ್ಟಿಗೆಯಲ್ಲಿ ಬಂದಂತೆ!

ಮೊದಲ ಸಲ ಇದನ್ನು ಕಂಡವರು ಕಂಗೆಡುವುದುಂಟು. ಒಂದು ಆಟದ ಹಾಡುಗಳನ್ನೆಲ್ಲ ಕಟ್ಟಿಟ್ಟ ಆರ್‌ಎಸ್‌ಎನ್ ಎಂಬ ಗಂಟು ವಾಸ್ತವವಾಗಿ ಬೇರೆ ಹೆಸರು ತೊಟ್ಟ ರಾರ್ ಗಂಟು. ಸೆವೆನ್ ಜಿಪ್ ಅದನ್ನು ಬಿಚ್ಚುತ್ತದೆ. ಸೆಗಾ ಮೊದಲಾದ ಯಂತ್ರಗಳ ವಿಜಿಎಂ ಕಡತವು ಧ್ವನಿಚಿಪ್ಪಿಗೆ ಯಾವ ಗಳಿಗೆಯಲ್ಲಿ ಯಾವ ಅಪ್ಪಣೆ ಹೋಯಿತೆಂಬ ದಿನಚರಿ. ಅದನ್ನೇ ಕುಗ್ಗಿಸಿದರೆ ವಿಜಿಜೆಡ್. ಇವನ್ನು ಕೇಳುವುದಕ್ಕೆ ವಿಎಲ್‌ಸಿ ಸಾಕು. ಪರಿವರ್ತಿಸಬೇಕಾದರೆ ಫೂಬಾರ್ 2000ಕ್ಕೆ ತಕ್ಕ ಪೂರಕವನ್ನು ಜೋಡಿಸಿಕೊಳ್ಳಬೇಕು, ಅಷ್ಟೆ.

ತೊಡಕು ಇರುವುದು ಮುಂದೆ. ಆಟದ ಸಂಗೀತಕ್ಕೆ ಬಹುಮಟ್ಟಿಗೆ ಕೊನೆಯೆಂಬುದಿಲ್ಲ. ಆಡುವವನು ಸೋಲುವ ತನಕ ಅದು ಸುತ್ತುತ್ತಲೇ ಇರುತ್ತದೆ. ಎಂಪಿ3 ಮಾಡಹೊರಟವನು ಎರಡು ಸುತ್ತಿಗೆ ದನಿಯಿಳಿಸಿ ಮುಗಿಸುತ್ತಾನೆ. ಆ ಮುಕ್ತಾಯ ಅವನದು, ಸಂಗೀತಗಾರನದಲ್ಲ. ಇನ್ನೊಂದು ಮಾತು. ಹಳೆಯ ಯಂತ್ರವನ್ನು ಅನುಕರಿಸುವ ಪ್ರೋಗ್ರಾಮುಗಳು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತ ಬಂದಿವೆ. ಮೂಲ ಕೈಯಲ್ಲಿದ್ದರೆ ನಾಳಿನ ಉತ್ತಮ ಪ್ರೋಗ್ರಾಮಿನಲ್ಲಿ ಅದನ್ನು ಮತ್ತೆ ನುಡಿಸಬಹುದು. ಎಂಪಿ3 ಒಂದನ್ನೇ ಉಳಿಸಿಕೊಂಡವನಿಗೆ ಅಂದಿನ ಅನುಕರಣೆಯ ದೋಷಗಳೇ ಶಾಶ್ವತವಾದ ಆಸ್ತಿ.

ಹೆಸರುಗಳ ಪ್ರಶ್ನೆಯಂತೂ ನನಗೆ ಎಲ್ಲಕ್ಕಿಂತ ದೊಡ್ಡದು. 1987ರ ಮೆಗಾ ಮ್ಯಾನ್ ಆಟಕ್ಕೆ ಸಂಗೀತ ಕೊಟ್ಟ ಮನಾಮಿ ಮಾತ್ಸುಮಾಯೆ ಎಂಬಾಕೆ ಆಟದಲ್ಲಿ ಕಾಣಿಸಿಕೊಂಡದ್ದು ಅಡ್ಡಹೆಸರಿನಲ್ಲಿ. ಆ ಕಾಲದ ಹಲವರ ಪಾಡು ಅದೇ. ಶ್ರದ್ಧಾವಂತರು ಹುಡುಕಿ ತೆಗೆದ ನಿಜನಾಮಗಳನ್ನು ಮೂಲ ಕಡತದ ತಲೆಯಲ್ಲಿಯೇ ಬರೆದಿಡಲು ಸ್ಥಳವಿದೆ. ಅವಸರದ ಪರಿವರ್ತನೆಯಲ್ಲಿ ಅದು ಉದುರಿಹೋಗಿ, "ಟ್ರ್ಯಾಕ್ 07" ಎಂಬ ಅನಾಥ ಹಾಡು ಮೊಬೈಲಿಗೆ ಬಂದು ಬೀಳುತ್ತದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನಮ್ಮ ಅಜ್ಜಿ ಬೀಸುವಾಗ ಹೇಳುತ್ತಿದ್ದ ಪದಗಳನ್ನು ಬರೆದಿಡಬಲ್ಲವರು ಆಗ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಅವು ಅವರೊಡನೆಯೇ ಹೋದವು. ಬರೆದಿಟ್ಟದ್ದನ್ನೂ ಕೈಯಾರೆ ಅಳಿಸುವವರನ್ನು ಕಂಡಾಗ ನನಗೆ ಸಿಟ್ಟು ಬರುವುದು ಈ ಕಾರಣದಿಂದ.

ಈ ಸಂಗೀತದ ಹಕ್ಕು ಸಾಮಾನ್ಯವಾಗಿ ಕಂಪನಿಗಳದೆಂಬುದು ನಿಜ. ಪರಿವರ್ತಿಸಿದ್ದನ್ನು ಮಾರಹೊರಡುವುದು ಸರ್ವಥಾ ಸಲ್ಲದು. ಬಸ್ಸಿನಲ್ಲಿ ಕೇಳಲು ಒಂದು ಎಂಪಿ3 ಮಾಡಿಕೊಳ್ಳುವವರ ಮೇಲೆ ನನ್ನ ತಕರಾರಿಲ್ಲ. ಮೂಲದ ಗಂಟನ್ನು ಪಕ್ಕದಲ್ಲಿಯೇ ಇಟ್ಟುಕೊಳ್ಳಿರೆಂಬುದಷ್ಟೇ ನನ್ನ ಕೋರಿಕೆ. "ಮೊಬೈಲಿನಲ್ಲಿ ಜಾಗವೆಲ್ಲಿದೆ ಮಾರಾಯಾ?" ಎಂದು ಗೆಳೆಯರು ಕೇಳುತ್ತಾರೆ. ಎಸ್‌ಪಿಸಿ ಕಡತವೊಂದರ ತೂಕ ಸುಮಾರು 66 ಸಾವಿರ ಬೈಟ್. ಮೂರು ನಿಮಿಷದ ಸಾಧಾರಣ ಎಂಪಿ3 ಅದರ ನಲವತ್ತು ಪಟ್ಟಿಗೂ ಮಿಕ್ಕಿದ್ದು. ಇಡೀ ಒಂದು ಆಟದ ಗಂಟು ಎಷ್ಟೋ ವೇಳೆ ಅಂಥ ಒಂದೇ ಹಾಡಿಗಿಂತ ಹಗುರ.