ಕರೆಂಟನ್ನೂ ಅಳೆದು ನೋಡೋಣ

ನಮ್ಮ ರೈತನಿಗೆ ಅಳತೆ ಹೊಸದಲ್ಲ. ಹೊಲವನ್ನು ಗುಂಟೆಯಲ್ಲಿ ಅಳೆಯುತ್ತಾನೆ, ರಾಗಿಯನ್ನು ಕೊಳಗದಲ್ಲಿ ಅಳೆಯುತ್ತಾನೆ. ಬಿದ್ದ ಮಳೆ ಉಳುಮೆಗೆ ಹದವೋ ಅಲ್ಲವೋ ಎಂಬುದನ್ನು ಮಣ್ಣು ಹಿಡಿದು ನೋಡಿಯೇ ಹೇಳುತ್ತಾನೆ. ಆದರೆ ಪಂಪ್‌ಸೆಟ್ಟಿಗೆ ಬರುವ ವಿದ್ಯುತ್ತನ್ನು ಮಾತ್ರ ಅಳೆಯುವುದಿಲ್ಲ. ಕರೆಂಟು ಬಂತು, ಕರೆಂಟು ಹೋಯಿತು ಎಂಬ ಎರಡೇ ಲೆಕ್ಕ. ಇವೆರಡರ ನಡುವೆ, ಕರೆಂಟು ಬಂದಿದೆ ಆದರೆ ಸಾಲದು ಎಂಬ ಮೂರನೆಯ ಸ್ಥಿತಿಯೊಂದಿದೆ. ಎಷ್ಟೋ ಮೋಟಾರುಗಳು ಸುಡುವುದು ಆಗಲೇ.

ಕರ್ನಾಟಕಕ್ಕೆ ವಿದ್ಯುತ್ತು ನಿನ್ನೆ ಬಂದದ್ದಲ್ಲ. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಇಷ್ಟು ಹಳೆಯ ನಂಟಿದ್ದರೂ ಅದರ ಮೊದಲ ಪಾಠ ಹಳ್ಳಿಗೆ ತಲುಪಿಲ್ಲ. ಆ ಪಾಠವನ್ನು ಪ್ರತಿ ಗ್ರಾಮದ ವಾಚನಾಲಯದಲ್ಲಿ ಒಂದು ಹಲಗೆಯ ಮೇಲೆ ಕಲಿಸಬೇಕೆಂಬುದು ನನ್ನ ಅಭಿಪ್ರಾಯ.

ಬೇಕಾದ ಸಾಮಾನು ಸ್ವಲ್ಪವೇ: ಟಾರ್ಚಿನ ಎರಡು ಸೆಲ್ಲು, ಒಂದು ಬಲ್ಬು, 100 ಓಮಿನ ಎರಡು ರೆಸಿಸ್ಟರು, ತುಂಡು ತಂತಿ, ಕೆಲವು ನೂರು ರೂಪಾಯಿಗೆ ಸಿಗುವ ಒಂದು ಮಲ್ಟಿಮೀಟರು. ಹೊಸ ಸೆಲ್ಲಿನದು 1.5 ವೋಲ್ಟ್, ಎರಡನ್ನು ಸಾಲಾಗಿ ಜೋಡಿಸಿದರೆ 3 ವೋಲ್ಟ್. ಇದು ಮುಟ್ಟಿದರೆ ಹೊಡೆಯುವ ಕರೆಂಟಲ್ಲ, ಮಕ್ಕಳೂ ಕಲಿಯಬಹುದು.

ವೋಲ್ಟ್ ಎಂದರೆ ತೊಟ್ಟಿಯ ನೀರಿನ ಎತ್ತರವಿದ್ದಂತೆ, ಆಂಪಿಯರ್ ಎಂದರೆ ಕಾಲುವೆಯಲ್ಲಿ ಹರಿಯುವ ನೀರಿದ್ದಂತೆ, ಓಮ್ ಎಂದರೆ ಆ ಹರಿವಿಗೆ ಇರುವ ಅಡ್ಡಿ. ವೋಲ್ಟನ್ನು ಓಮಿನಿಂದ ಭಾಗಿಸಿದರೆ ಆಂಪಿಯರ್. ಜರ್ಮನಿಯ ಓಮ್ ಎಂಬ ವಿಜ್ಞಾನಿ 1827ರಲ್ಲಿ ಪ್ರಕಟಿಸಿದ ಸೂತ್ರವಿದು. 3 ವೋಲ್ಟಿಗೆ ಒಂದು ರೆಸಿಸ್ಟರು ಹಾಕಿದರೆ 30 ಮಿಲಿ ಆಂಪಿಯರ್ ಹರಿಯುತ್ತದೆ. ಎರಡನ್ನು ಒಂದರ ಹಿಂದೊಂದು ಹಾಕಿದರೆ 15, ಅಕ್ಕಪಕ್ಕ ಹಾಕಿದರೆ 60. ಲೆಕ್ಕ ಹಾಕಿ, ಆಮೇಲೆ ಮೀಟರಿನಲ್ಲಿ ನೋಡಿದರೆ ಎರಡೂ ಹೆಚ್ಚುಕಡಿಮೆ ತಾಳೆಯಾಗುತ್ತವೆ. ವೋಲ್ಟ್ ಅಳೆಯಲು ಮೀಟರನ್ನು ಎರಡು ತುದಿಗಳಿಗೆ ಅಡ್ಡಲಾಗಿ ಹಿಡಿಯಬೇಕು. ಆಂಪಿಯರ್ ಅಳೆಯಲು ತಂತಿ ಬಿಡಿಸಿ ದಾರಿಯ ನಡುವೆ ಸೇರಿಸಬೇಕು. ಆಂಪಿಯರ್ ಗುರುತಿಗಿಟ್ಟ ಮೀಟರನ್ನು ಅಡ್ಡ ಹಿಡಿದರೆ ಕೆಡುಕು ಖಂಡಿತ.

ಇನ್ನು ಮುಖ್ಯ ಪಾಠ. ಒಂದು ಹಳೆಯ ಸೆಲ್ಲು ತನ್ನಿ. ಬಿಡಿಯಾಗಿ ಅಳೆದರೆ ಚೆನ್ನಾಗಿಯೇ ಇದೆ ಎನಿಸಬಹುದು. ಬಲ್ಬು ಜೋಡಿಸಿದೊಡನೆ ವೋಲ್ಟ್ ಇಳಿಯುತ್ತದೆ. ಹೊರೆ ಹೊತ್ತಾಗಲೇ ಸತ್ವ ತಿಳಿಯುವುದು. ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ತೋಟದ ಕತೆಯೂ ಇದೇ. ಮೋಟಾರು ಹಾಕುವ ಮುನ್ನ 415 ವೋಲ್ಟಿನ ಆಸುಪಾಸು ತೋರಿಸಿದ ಮೀಟರು, ಸುತ್ತಲಿನ ಪಂಪುಗಳೆಲ್ಲ ಒಟ್ಟಿಗೆ ಓಡತೊಡಗಿದ ಮೇಲೆ ಎಷ್ಟು ತೋರಿಸುತ್ತದೆ? ನೋಡಬೇಕಾದದ್ದು ಅದನ್ನು. ವೋಲ್ಟ್ ಇಳಿದರೆ ಹೊರೆ ಹೊತ್ತ ಮೋಟಾರು ಹೆಚ್ಚು ಆಂಪಿಯರ್ ಎಳೆಯುತ್ತದೆ. ಹತ್ತು ಎಳೆಯಬೇಕಾದದ್ದು ಹನ್ನೆರಡು ಎಳೆದರೆ ಸುರುಳಿಯಲ್ಲಿ ಹುಟ್ಟುವ ಶಾಖ ಸುಮಾರು ಒಂದೂವರೆ ಪಟ್ಟಾಗುತ್ತದೆ. ಒಂದು ಫೇಸು ತಪ್ಪಿದರೂ ಉಳಿದೆರಡರ ಮೇಲೆ ಇದೇ ಗತಿ.

ಹೀಗಿರುವಾಗ ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಸುತ್ತುವುದು, ಬಿದ್ದುಹೋಗುವ ಸ್ಟಾರ್ಟರಿಗೆ ಕಡ್ಡಿ ಸಿಕ್ಕಿಸುವುದು ಕಾವಲು ನಾಯಿಯ ಬಾಯಿ ಕಟ್ಟಿದಂತೆ.

ಇದೆಲ್ಲ ಇಲಾಖೆಯ ಕೆಲಸ, ರೈತನಿಗೇಕೆ ಎಂದು ಕೆಲವರು ಕೇಳಬಹುದು. ಪೂರೈಕೆ ಅವರ ಹೊಣೆ, ನಿಜ. ಆದರೆ ರಿವೈಂಡಿಂಗಿನ ಹಣ ತೆರುವವನು ರೈತ. ಮೋಟಾರು ದುರಸ್ತಿಯಾಗಿ ಬರುವಷ್ಟರಲ್ಲಿ ಒಣಗುವುದು ಅವನ ಪೈರು. "ವೋಲ್ಟೇಜು ಸಾಲದು ಸ್ವಾಮಿ" ಎಂದು ಬಾಯಿಮಾತಿನಲ್ಲಿ ಹೇಳುವುದಕ್ಕೂ, ಹದಿನೈದು ದಿನದ ಅಂಕಿಗಳನ್ನು ವೇಳೆ ಸಮೇತ ಬರೆದು ಹತ್ತು ಜನ ರುಜು ಹಾಕಿ ಕೊಡುವುದಕ್ಕೂ ವ್ಯತ್ಯಾಸವಿದೆ.

ಒಂದು ಎಚ್ಚರಿಕೆ. ಸೆಲ್ಲಿನಲ್ಲಿ ಕಲಿತವರು ಲೈನಿಗೆ ಕೈ ಹಾಕಬಾರದು. ಸ್ಟಾರ್ಟರ್ ಹಲಗೆಯಲ್ಲಿ ವೋಲ್ಟ್ ಮತ್ತು ಆಂಪಿಯರ್ ಮೀಟರುಗಳನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನನಿಂದಲೇ ಕೂರಿಸಿಕೊಳ್ಳಿ. ಅದರಲ್ಲಿನ ಅಂಕಿಯನ್ನು ಮೋಟಾರಿನ ಮೇಲಿನ ಫಲಕದ ಅಂಕಿಯೊಡನೆ ಹೋಲಿಸಿ. ಫಲಕಕ್ಕಿಂತ ಆಂಪಿಯರ್ ಹೆಚ್ಚಿದ್ದರೆ ಮೋಟಾರು ನಿಲ್ಲಿಸಿ.

ಮೀಟರು ನೋಡಿ ಬರೆದಿಡಲು ದಿನಕ್ಕೆ ಎರಡು ನಿಮಿಷ ಸಾಕು. ಈ ಬೇಸಿಗೆಗೆ ಮುನ್ನ ಪ್ರತಿ ವಾಚನಾಲಯದಲ್ಲೂ ಅಂಥದೊಂದು ಹಲಗೆ ತೂಗಲಿ.