ಬೀಜ ರೈತನದು, ಗುಟ್ಟು ಕಂಪನಿಯದು!

ಗಿರಣಿ ಕಾರ್ಮಿಕ ಎರಡು ಲಡಿ ನೂಲು ಬಚ್ಚಿಟ್ಟು ಬಾಗಿಲು ದಾಟಿದರೆ ಸಂಜೆಯೊಳಗೆ ಪೊಲೀಸು ಠಾಣೆ ಕಾಣುತ್ತಾನೆ. ಕಿರಾಣಿ ಅಂಗಡಿಯವನ ತಕ್ಕಡಿಗೆ ಸರಕಾರಿ ಮುದ್ರೆ ಇರದಿದ್ದರೆ ದಂಡ ತೆರುತ್ತಾನೆ. ನಾಡಿನ ಬೀಜವನ್ನೇ ಯಾರನ್ನೂ ಕೇಳದೆ ಬಳಸಿದರೆಂಬ ಆರೋಪ ಹೊತ್ತ ದೊಡ್ಡವರಿಗೆ ಯಾವ ಕಾನೂನು? ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ದುಡಿಯುವ ಜನರ ಪರವಾಗಿ ನಾವು ಕೇಳುತ್ತೇವೆ.

ಸಂಗತಿ ಇದು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು 2005ರಲ್ಲಿ ಮಹಿಕೋ ಕಂಪನಿಯೊಡನೆ ಬಿ.ಟಿ. ಬದನೆಗಾಗಿ ಒಪ್ಪಂದ ಮಾಡಿಕೊಂಡಿತು. ಮಹಿಕೋದಲ್ಲಿ ಅಮೆರಿಕದ ಮೊನ್ಸಾಂಟೋಗೆ ಪಾಲಿತ್ತು. ಇದಕ್ಕಾಗಿ ಆರಿಸಿದ ಸ್ಥಳೀಯ ತಳಿಗಳಲ್ಲಿ ಕುಡಚಿಯದಿತ್ತು, ಉಡುಪಿಯದಿತ್ತು, ನಮ್ಮ ಜಿಲ್ಲೆಯ ರಬಕವಿಯದೂ ಇತ್ತು!

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ವ್ಯಾಪಾರಕ್ಕೆ ನಾಡತಳಿ ಬಳಸುವವರು ರಾಜ್ಯ ಮಂಡಳಿಗೆ ಮೊದಲೇ ತಿಳಿಸಬೇಕು. 2023ರ ತಿದ್ದುಪಡಿಗೆ ಮೊದಲು ವಿದೇಶಿ ಪಾಲಿದ್ದರೆ ರಾಷ್ಟ್ರೀಯ ಪ್ರಾಧಿಕಾರದ ಅನುಮತಿ ಬೇಕಿತ್ತು. ಆ ಪ್ರಾಧಿಕಾರ ಊರಿನ ಸಮಿತಿಯ ಮಾತನ್ನೂ ಕೇಳಬೇಕು. ಇದಾವುದೂ ನಡೆದಿಲ್ಲವೆಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲಿ ದೂರಿತು. 2012ರಲ್ಲಿ ಧಾರವಾಡದಲ್ಲಿ ಕ್ರಿಮಿನಲ್ ಮೊಕದ್ದಮೆಯಾಯಿತು. ಅದನ್ನು ರದ್ದುಮಾಡಲು 2013ರಲ್ಲಿ ಹೈಕೋರ್ಟು ಒಪ್ಪಲಿಲ್ಲ.

ಆಗ ಕಾಯ್ದೆಯಲ್ಲಿ ಐದು ವರ್ಷದವರೆಗೆ ಸೆರೆವಾಸವಿತ್ತು. 2023ರ ತಿದ್ದುಪಡಿ ಸೆರೆಮನೆಯ ಬಾಗಿಲನ್ನೇ ಮುಚ್ಚಿ, 1 ಲಕ್ಷದಿಂದ 50 ಲಕ್ಷ ರೂಪಾಯಿ ದಂಡವನ್ನಿಟ್ಟಿತು. ಕಂಪನಿಗೆ ಅದು ಖರ್ಚಿನ ಲೆಕ್ಕದ ಒಂದು ಸಾಲು. ವಿಶ್ವವಿದ್ಯಾಲಯ ಕಟ್ಟಬೇಕಾದರೆ ಹಣ ಯಾರದು? ತೆರಿಗೆ ಕೊಡುವ ನಿಮ್ಮದೇ!

ಹತ್ತಿಯ ಕಥೆಯನ್ನೂ ಕೇಳಿರಿ. ಅದೇ ವಿಶ್ವವಿದ್ಯಾಲಯ ಮತ್ತು ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಸ್ವದೇಶಿಯೆಂದು ಹೊರತಂದ ಬಿಕಾನೇರಿ ನರ್ಮಾ ಬಿ.ಟಿ. ಬೀಜದಲ್ಲಿ ಮೊನ್ಸಾಂಟೋದ ಜೀನು ಪತ್ತೆಯಾಯಿತು. ಮಾರಾಟ ನಿಂತಿತು. ರೈತ ತಾನೇ ಉಳಿಸಿಕೊಂಡು ಮರುವರ್ಷ ಬಿತ್ತಬಹುದಾಗಿದ್ದ ಬೀಜ ಅದು. ಅದು ಕೈತಪ್ಪಿತು; ವರ್ಷವರ್ಷವೂ ಕಂಪನಿಯ ಪೊಟ್ಟಣ ಕೊಳ್ಳುವುದು ತಪ್ಪಲಿಲ್ಲ. ರೈತನ ಬೀಜದ ಸಾಲ ಬೆಳೆದರೆ ಅಂಗಡಿಯ ಉದ್ರಿ ತೀರುವುದೆಂತು? ಸೀರೆ ಕೊಳ್ಳುವವರಿಲ್ಲದೆ ಇಳಕಲ್ಲಿನ ಮಗ್ಗ ನಡೆಯುವುದೆಂತು?

ವಿದ್ಯೆಗೆ ನಾವು ವೈರಿಗಳಲ್ಲ. ವಿದ್ಯೆಯ ಹೆಸರಿನ ಗುಟ್ಟಿಗೆ ವೈರಿಗಳು. ಆದ್ದರಿಂದ ನಮ್ಮ ಬೇಡಿಕೆ ಮೂರು. ಕಂಪನಿಗಳೊಡನೆ ವಿಶ್ವವಿದ್ಯಾಲಯಗಳು ಮಾಡಿಕೊಂಡ ಪ್ರತಿ ಒಪ್ಪಂದವೂ ಕನ್ನಡದಲ್ಲಿ ಪ್ರಕಟವಾಗಲಿ. ಊರಿನ ಸಮಿತಿಯ ಒಪ್ಪಿಗೆಯಿಲ್ಲದೆ ಒಂದು ಕಾಳೂ ಹೊರಹೋಗದಿರಲಿ. ತಪ್ಪು ಸಾಬೀತಾದರೆ ದಂಡ ಸಹಿ ಹಾಕಿದವರ ಜೇಬಿನಿಂದ ಬರಲಿ.

ಕಾಯ್ದೆಯಂತೆ ಪಂಚಾಯತಿ ಪಂಚಾಯತಿಗೂ ಜೀವವೈವಿಧ್ಯ ಸಮಿತಿ ಇರಬೇಕು. ನಿಮ್ಮ ಊರಿನ ಸಮಿತಿಯ ಸದಸ್ಯರು ಯಾರು, ಕೊನೆಯ ಸಭೆ ಎಂದು ನಡೆಯಿತು? ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ!