ಕೋಡಿ ಬಿದ್ದ ಕೆರೆಯೂ ಇಪ್ಪತ್ತರ ಹರೆಯವೂ

ತುಮಕೂರು ನಗರಕ್ಕೆ ಅನತಿದೂರದಲ್ಲಿ, ಸಮುದ್ರಮಟ್ಟದಿಂದ 3,900 ಅಡಿಗಳಿಗೂ ಮಿಗಿಲಾದ ಎತ್ತರಕ್ಕೆ ತಲೆಯೆತ್ತಿ ನಿಂತಿರುವ ದೇವರಾಯನದುರ್ಗವು, ಯೋಗನರಸಿಂಹ ಭೋಗನರಸಿಂಹರ ಸನ್ನಿಧಾನವೆಂಬ ಕಾರಣದಿಂದ ಎಷ್ಟು ಪ್ರಸಿದ್ಧವೋ, ಎರಡು ನದಿಗಳ ಜನ್ಮಸ್ಥಾನವೆಂಬ ಕಾರಣದಿಂದಲೂ ಅಷ್ಟೇ ಮಾನ್ಯವಾದುದು. ಇಲ್ಲಿ ಹುಟ್ಟಿದ ಜಯಮಂಗಲಿಯು ಬಡಗಣಕ್ಕೆ ತಿರುಗಿ ಉತ್ತರ ಪಿನಾಕಿನಿಯನ್ನು ಕೂಡಿಕೊಳ್ಳುವುದು. ಶಿಂಷೆಯು ಗುಬ್ಬಿ, ಕುಣಿಗಲ್ ಸೀಮೆಗಳನ್ನು ಹಾದು, ಮಾರ್ಕೋನಹಳ್ಳಿಯ ಜಲಾಶಯದಲ್ಲಿ ತಂಗಿ, ಕಡೆಗೆ ಕಾವೇರಿಯಲ್ಲಿ ಲೀನವಾಗುವುದು. ಇದೇ ಬೆಟ್ಟದ ತಪ್ಪಲಿನ ನಾಮದ ಚಿಲುಮೆಯಲ್ಲಿ ಬೊಗಸೆಯಷ್ಟು ಕಾಣುವ ನೀರು ಈ ಬಯಲುಸೀಮೆಗೆ ಎಂತಹ ಭಾಗ್ಯವೆಂಬುದನ್ನು ಇಲ್ಲಿಯ ಜನಕ್ಕೆ ಯಾರೂ ಹೇಳಿಕೊಡಬೇಕಾದುದಿಲ್ಲ. ಆದರೆ ಅದೇ ನೀರಿನ ದಡದಲ್ಲಿ ನಮ್ಮ ಮಕ್ಕಳ ಪ್ರಾಣವನ್ನು ಹೇಗೆ ಕಾಯಬೇಕೆಂಬುದನ್ನು ನಾವು ಇನ್ನೂ ಕಲಿತಿಲ್ಲ. ಕಲಿಯಬೇಕೆಂಬ ಆತುರವನ್ನೂ ತೋರಿಲ್ಲ.

ಎರಡು ಅಕ್ಟೋಬರ್ ತಿಂಗಳುಗಳನ್ನು ನೆನೆಯೋಣ. 2024ರ ಅಕ್ಟೋಬರ್ ಕಡೆಯಲ್ಲಿ, ತುಮಕೂರಿನ ಬಳಿಯ ಮಂದರಗಿರಿಯ ತಪ್ಪಲಿನ ಮೈದಾಳ ಕೆರೆಯು ಕೋಡಿ ಬಿದ್ದು ಹರಿಯುತ್ತಿದ್ದಾಗ, ಅದನ್ನು ನೋಡಬಂದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಕಾಲುಜಾರಿ, ನೀರಿನ ಸೆಳೆತಕ್ಕೆ ಸಿಕ್ಕಿ, ಬಂಡೆಗಳ ಪೊಟರೆಯೊಳಗೆ ಕಣ್ಮರೆಯಾದಳು. ರಾತ್ರಿಯೆಲ್ಲ ಅವಳು ಆ ಕತ್ತಲೆಯಲ್ಲಿ ಜೀವ ಹಿಡಿದುಕೊಂಡಿದ್ದಳು. ಅಗ್ನಿಶಾಮಕ ದಳದವರೂ ಪೊಲೀಸರೂ ಹರಿವನ್ನು ಬೇರೆಡೆಗೆ ತಿರುಗಿಸಿ ಮರುದಿನ ಅವಳನ್ನು ಜೀವಂತವಾಗಿ ಮೇಲೆತ್ತಿದಾಗ ಜಿಲ್ಲೆಗೆ ಜಿಲ್ಲೆಯೇ ನಿಟ್ಟುಸಿರು ಬಿಟ್ಟಿತು. ವರ್ಷ ತುಂಬುವುದರೊಳಗೆ, 2025ರ ಅಕ್ಟೋಬರ್ ಮೊದಲ ವಾರದಲ್ಲಿ, ವಿಹಾರಕ್ಕೆಂದು ಮಾರ್ಕೋನಹಳ್ಳಿಗೆ ಬಂದು ಅಣೆಕಟ್ಟೆಯ ಕೆಳಗಣ ನೀರಿಗೆ ಇಳಿದಿದ್ದ ಬಂಧುಬಳಗದವರು, ಸೈಫನ್ ಇದ್ದಕ್ಕಿದ್ದಂತೆ ನೀರು ಹೊರಗೆಡವಿದಾಗ ಕೊಚ್ಚಿಹೋದರು. ಆರು ಜೀವಗಳು ನಷ್ಟವಾದುವು. ಮೊದಲನೆಯದರಲ್ಲಿ ದೈವ ಕೈಹಿಡಿಯಿತು, ಎರಡನೆಯದರಲ್ಲಿ ಹಿಡಿಯಲಿಲ್ಲ. ಆದರೆ ಮಕ್ಕಳ ಬದುಕು ದೈವದ ಕೈಗೆ ಬೀಳುವ ಮುನ್ನ ಮನುಷ್ಯರ ಕೈಗಳು ಮಾಡಬಹುದಾದ ಕಾರ್ಯ ಬಹಳಷ್ಟಿತ್ತು ಎಂಬುದೇ ನನ್ನ ಇಂದಿನ ಮಾತು.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮಾರ್ಕೋನಹಳ್ಳಿಯ ಅಣೆಕಟ್ಟೆಯು ತನ್ನ ಸ್ವಯಂಚಾಲಿತ ಸೈಫನ್ ವ್ಯವಸ್ಥೆಗಾಗಿ ಹೆಸರಾದುದು. ಜಲಾಶಯದ ಮಟ್ಟವು ಗೊತ್ತಾದ ಗೆರೆಯನ್ನು ದಾಟಿದೊಡನೆ, ನಳಿಗೆಯೊಳಗಣ ಗಾಳಿಯನ್ನು ನೀರೇ ಹೊರದೂಡಿ, ಹೀರುವಿಕೆಯು ಆರಂಭವಾಗಿ, ಅಲ್ಲಿಯವರೆಗೆ ತೆಳುವಾಗಿ ಇಳಿಯುತ್ತಿದ್ದ ಪ್ರವಾಹವು ಕೆಲವೇ ಕ್ಷಣಗಳಲ್ಲಿ ಪೂರ್ಣರಭಸವನ್ನು ತಾಳುವುದು ಸೈಫನ್ನಿನ ಧರ್ಮ. ಬಾಗಿಲು ತೆರೆಯುವವನ ಅಗತ್ಯವೇ ಅದಕ್ಕಿಲ್ಲ. ಇಂಜಿನಿಯರಿಂಗ್ ವಿದ್ಯೆಯ ದೃಷ್ಟಿಯಿಂದ ಇದು ಶ್ಲಾಘ್ಯವಾದ ಕೌಶಲ. ಆದರೆ ಕೆಳಗೆ ಮೊಣಕಾಲುದ್ದದ ನೀರಿನಲ್ಲಿ ಆಡುತ್ತಿರುವವರಿಗೆ ಆ ಗೆರೆ ಎಲ್ಲಿದೆಯೆಂದು ತಿಳಿಯದು, ಅದು ದಾಟುವ ಗಳಿಗೆಯೂ ಕಾಣದು. ಮನುಷ್ಯನ ಕೈಯಿಲ್ಲದೆ ನಡೆಯುವ ಯಂತ್ರದ ಬಳಿಯಲ್ಲಿ, ಎಚ್ಚರಿಕೆಯ ಧ್ವನಿಗಾದರೂ ಮನುಷ್ಯನೊಬ್ಬನು ಇರತಕ್ಕದ್ದು ನ್ಯಾಯ.

ನೀರಿನ ಅಪಾಯವು ಕಣ್ಣಿಗೆ ಕಾಣದಂತೆ ಅಡಗಿರುವುದು ಇದೊಂದೇ ಎಡೆಯಲ್ಲಲ್ಲ. ಗೋಡು ಮಣ್ಣಿಗಾಗಿ ಕೆರೆಯ ಅಂಗಳವನ್ನು ಯಂತ್ರಗಳಿಂದ ಬಗೆದು ಬಿಟ್ಟ ಗುಂಡಿಗಳು ಮಳೆಗಾಲದಲ್ಲಿ ಸಮನಾದ ನೀರಿನ ಕೆಳಗೆ ಮರೆಯಾಗಿರುತ್ತವೆ. ಸೊಂಟದ ಮಟ್ಟವೆಂದು ನಂಬಿ ನಡೆದವನು ಮುಂದಿನ ಹೆಜ್ಜೆಯಲ್ಲಿ ಆಳು ಮುಳುಗುವ ಗುಂಡಿಗೆ ಇಳಿಯುತ್ತಾನೆ. ಹೇಮಾವತಿ ನಾಲೆಯ ಸಿಮೆಂಟಿನ ಇಳಿಜಾರು ಪಾಚಿಗಟ್ಟಿದಾಗ, ಇಳಿಯುವುದು ಸುಲಭ, ಹತ್ತುವುದು ಈಜು ಬಲ್ಲವರಿಗೂ ದುಸ್ತರ. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದಲ್ಲಿ ಕೈಗೆ ಸಿಕ್ಕುವ ಬೇರಿಲ್ಲ, ಕಾಲಿಗೆ ಎಟುಕುವ ಕಲ್ಲಿಲ್ಲ. ನಮ್ಮ ದೇಶದಲ್ಲಿ ವರ್ಷವೊಂದಕ್ಕೆ ಮೂವತ್ತೈದು ಸಾವಿರಕ್ಕೂ ಅಧಿಕ ಜನರು ಮುಳುಗಿ ಸಾಯುತ್ತಿರುವರೆಂದು ಸರ್ಕಾರದ ಅಪರಾಧ ದಾಖಲೆಗಳ ಸಂಸ್ಥೆಯ ಲೆಕ್ಕವೇ ಸಾರುತ್ತಿರುವಾಗ, ಪ್ರತಿಯೊಂದನ್ನೂ ವಿಧಿಯೆಂದೋ ಹುಡುಗಾಟವೆಂದೋ ಹೇಳಿ ಕೈತೊಳೆದುಕೊಳ್ಳುವುದು ವಿವೇಕವಲ್ಲ.

ಹಿಂದೆ ನಮ್ಮ ಊರುಗಳಲ್ಲಿ ನೀರಗಂಟಿಯೆಂಬುವನಿದ್ದನು. ತೂಬನ್ನು ಎತ್ತಿ ಇಳಿಸುವುದು, ಗದ್ದೆಗದ್ದೆಗೆ ನೀರನ್ನು ಹಂಚುವುದು ಅವನ ವೃತ್ತಿಯಾದರೂ, ಕೆರೆಯ ಮೈಯನ್ನೆಲ್ಲ ಬಲ್ಲವನಾದುದರಿಂದ, ಮಡು ಎಲ್ಲಿ, ಸುಳಿ ಎಲ್ಲಿ, ಏರಿಯ ಕಲ್ಲು ಎಲ್ಲಿ ಸಡಿಲವಾಗಿದೆ ಎಂಬುದನ್ನು ಅವನ ಬಾಯಿಂದಲೇ ಊರು ತಿಳಿಯುತ್ತಿದ್ದಿತು. ಹುಡುಗರು ಬೆನ್ನಿಗೆ ಒಣಸೋರೆಬುರುಡೆಯನ್ನು ಕಟ್ಟಿಕೊಂಡು, ಅಣ್ಣನೋ ಮಾವನೋ ಬಾವಿಕಟ್ಟೆಯ ಮೇಲೆ ಕಾದು ಕುಳಿತಿರಲು, ಈಜನ್ನು ಕಲಿಯುತ್ತಿದ್ದರು. ಇಂದು ಬೆಂಗಳೂರಿನಿಂದಲೋ ತುಮಕೂರಿನ ವಿದ್ಯಾರ್ಥಿನಿಲಯಗಳಿಂದಲೋ ಬೈಕನ್ನೇರಿ ಬರುವ ತರುಣರಿಗೆ ಕೆರೆಯು ಕೇವಲ ದೃಶ್ಯ. ಅದರ ಒಳಗನ್ನು ಹೇಳುವವರು ದಡದಲ್ಲಿಲ್ಲ. ಅವರು ತಿಳಿಗೇಡಿಗಳಲ್ಲ. ತಿಳಿಸಬೇಕಾದ ಹಿರಿಯರು ಆ ಜಾಗವನ್ನು ಬರಿದುಮಾಡಿ ಹೋಗಿದ್ದಾರೆ, ಅಷ್ಟೆ.

ಈಗ ಮದ್ಯದ ವಿಚಾರ. ಮೇಲೆ ಹೇಳಿದ ಎರಡು ಅವಘಡಗಳಲ್ಲಿಯೂ ಅದರ ಮಾತು ಕೇಳಿಬರಲಿಲ್ಲ. ಅದಕ್ಕಾಗಿಯೇ ನಾನು ಅವುಗಳನ್ನು ಮುಂದಿಟ್ಟೆ. ಎಚ್ಚರವಿದ್ದವರನ್ನೇ ನೀರು ಈ ಪರಿಯಾಗಿ ಸೆಳೆಯಬಲ್ಲುದಾದರೆ, ಎಚ್ಚರವನ್ನು ತಾವಾಗಿಯೇ ಕಳೆದುಕೊಂಡು ದಡಕ್ಕೆ ಬಂದವರ ಗತಿಯೇನು? ಕೆರೆಯ ಏರಿಯ ಮೇಲೂ ಕಾಡಿನ ಅಂಚಿನಲ್ಲಿಯೂ ಒಡೆದು ಬಿದ್ದಿರುವ ಬಾಟಲಿಗಳು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತಲೇ ಇವೆ. ಮದ್ಯವು ಮೊದಲು ಅಪಹರಿಸುವುದು ವಿವೇಚನೆಯನ್ನು: ‘ಆಚೆ ದಡಕ್ಕೆ ಈಜಿ ತೋರಿಸು’ ಎಂಬ ಗೆಳೆಯನ ಪಂಥವು ಆಗ ಸಾಧ್ಯವೆಂದೇ ತೋರುವುದು. ಅನಂತರ ಅದು ದೇಹದ ಸಮತೋಲವನ್ನು ಕೆಡಿಸುವುದು. ನೀರೊಳಗೆ ಮುಳುಗಿದವನಿಗೆ ಮೇಲು ಯಾವುದು ಕೆಳಗು ಯಾವುದೆಂಬ ದಿಕ್ಕು ತಪ್ಪುವುದು. ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಬೆಚ್ಚಗಿದೆಯೆಂಬ ಭ್ರಮೆಯನ್ನು ಹುಟ್ಟಿಸುತ್ತಲೇ ಮೈಯ ಶಾಖವನ್ನು ಬೇಗಬೇಗನೆ ಸೋರಿಹೋಗಗೊಡುವುದು. ವಾಂತಿಯಾದರೆ ಅದು ಶ್ವಾಸನಾಳಕ್ಕೆ ಇಳಿಯುವ ಭಯವುಂಟು. ಕಡೆಗೆ, ದಡದಲ್ಲಿರುವ ಗೆಳೆಯರೂ ಕುಡಿದಿದ್ದರೆ, ಕೈಚಾಚಬಲ್ಲವನು ಒಬ್ಬನೂ ಉಳಿಯುವುದಿಲ್ಲ. ಮುಳುಗುತ್ತಿರುವವನು ಸಿನಿಮಾದಲ್ಲಿಯಂತೆ ಕೂಗಿ ಕರೆಯುವನೆಂದು ಎಣಿಸಬಾರದು. ಉಸಿರಿಗೆ ಹೋರಾಡುವ ಬಾಯಿಗೆ ಕೂಗು ಬರುವುದಿಲ್ಲ, ಬಹುತೇಕ ನಿಶ್ಶಬ್ದವಾಗಿಯೇ ಅವನು ಮುಳುಗುತ್ತಾನೆ.

ಇಪ್ಪತ್ತೊಂದು ತುಂಬದವರಿಗೆ ಮದ್ಯವನ್ನು ಮಾರಕೂಡದೆಂದು ನಮ್ಮ ರಾಜ್ಯದ ಅಬಕಾರಿ ನಿಯಮಗಳು ವಿಧಿಸಿವೆ. 2023ರ ಆದಿಯಲ್ಲಿ ಈ ವಯೋಮಿತಿಯನ್ನು ಹದಿನೆಂಟಕ್ಕೆ ಇಳಿಸುವ ಕರಡು ಹೊರಟಾಗ ಜನರು ವಿರೋಧಿಸಿ ಅದನ್ನು ಕೈಬಿಡಿಸಿದರು. ಆ ವಿರೋಧವು ಸಾರ್ಥಕವಾಗಬೇಕಾದರೆ, ಉಳಿಸಿಕೊಂಡ ನಿಯಮವು ಅಂಗಡಿಯ ಕಟ್ಟೆಯ ಮೇಲೆಯೂ ಜೀವಂತವಾಗಿರಬೇಕು. ಕೆರೆಗೆ ಹೋಗುವ ದಾರಿಯಲ್ಲಿ, ರಜೆಯ ದಿನ, ವಯಸ್ಸನ್ನು ಕೇಳದೆ ಬಾಟಲಿಯನ್ನು ಕೊಡುವವನು ತನ್ನ ಲಾಭದಲ್ಲಿ ಯಾರ ಮನೆಯ ಮಗುವಿನ ಪಾಲಿದೆಯೆಂದು ಯೋಚಿಸಲಿ.

ಆದರೆ ನಿಷೇಧ ಮಾತ್ರವೇ ಮಕ್ಕಳನ್ನು ಕಾಯಲಾರದು. ಮನೆಯವರ ಕೋಪಕ್ಕೆ ಅಂಜಿ, ಗೆಳೆಯನು ಕಾಣೆಯಾದ ಮೇಲೂ ಫೋನು ಮಾಡಲು ಹಿಂದೆಮುಂದೆ ನೋಡುವ ಹುಡುಗರಿದ್ದಾರೆ. ಆ ಹಿಂಜರಿಕೆಯ ಐದು ನಿಮಿಷಗಳೇ ಒಂದು ಪ್ರಾಣದ ಬೆಲೆಯಾಗಬಹುದು. ಆದುದರಿಂದ ತಂದೆತಾಯಿಗಳು ಮಕ್ಕಳಿಗೆ ಒಂದು ಮಾತನ್ನು ಕೊಡಬೇಕು: ‘ಎಲ್ಲಿದ್ದರೂ, ಏನನ್ನೇ ಮಾಡಿದ್ದರೂ, ಕಷ್ಟವೆಂದಾಗ ಕರೆ ಮಾಡಪ್ಪಾ, ಮೊದಲು ಬರುತ್ತೇವೆ, ಮಿಕ್ಕ ಮಾತು ಆಮೇಲೆ.’ ಇದು ಕುಡಿತಕ್ಕೆ ಅನುಮತಿಯಲ್ಲ. ಪ್ರಾಣವು ಶಿಸ್ತಿಗಿಂತ ದೊಡ್ಡದೆಂಬ ವಾತ್ಸಲ್ಯದ ಘೋಷಣೆ. ಗೆಳೆಯರ ಗುಂಪಿನಲ್ಲಿಯೂ, ಕುಡಿದವನು ನೀರಿಗೆ ಇಳಿಯಕೂಡದು, ಇಳಿಯಹೋದವನನ್ನು ತಡೆಯುವುದೇ ಸ್ನೇಹ ಎಂಬ ಕಟ್ಟು ಬಲವಾಗಲಿ.

ಯಾರಾದರೂ ಮುಳುಗುತ್ತಿದ್ದರೆ ಭಾವಾವೇಶದಿಂದ ಹಿಂದೆಯೇ ಹಾರಬಾರದು. ಮುಳುಗುವವನ ಹಿಡಿತವು ಈಜುಗಾರನನ್ನೂ ಕೆಳಗೆಳೆಯುವುದು. ಹಗ್ಗ, ಪಂಚೆ, ಸೀರೆ, ಗಳ, ಮುಚ್ಚಳ ಹಾಕಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದುದನ್ನು ಚಾಚಬೇಕು ಅಥವಾ ಎಸೆಯಬೇಕು. ಒಡನೆಯೇ 112ಕ್ಕೆ ಕರೆಯಬೇಕು. ಮೇಲೆತ್ತಿದವನನ್ನು ತಲೆಕೆಳಗಾಗಿ ಹಿಡಿಯುವುದೂ ಹೊಟ್ಟೆಯನ್ನು ಅದುಮುವುದೂ ನಿಷ್ಪ್ರಯೋಜಕವಷ್ಟೇ ಅಲ್ಲ, ಅಪಾಯಕರ. ಉಸಿರಾಟ ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ತುಂಬಿ, ಎದೆಯನ್ನು ಒತ್ತುತ್ತ, 108ರ ವಾಹನ ಬರುವವರೆಗೂ ನಿಲ್ಲಿಸದಿರಬೇಕು. ಈ ವಿದ್ಯೆಯನ್ನು ಪ್ರತಿಯೊಂದು ಕಾಲೇಜೂ ಪ್ರವೇಶದ ಮೊದಲ ವಾರದಲ್ಲಿಯೇ ಹೇಳಿಕೊಡುವುದು ಕಷ್ಟವೇನಲ್ಲ.

ಕೆರೆಗಳು ಕೋಡಿ ಬೀಳುವ ಕಾಲ ಅಜ್ಞಾತವಲ್ಲ. ಹಸ್ತಾ, ಚಿತ್ತಾ, ಸ್ವಾತಿ ಮಳೆಗಳನ್ನು ರೈತನು ಬೆರಳ ಮೇಲೆ ಎಣಿಸುತ್ತಾನೆ; ಎರಡು ಅವಘಡಗಳೂ ಆ ದಿನಗಳಲ್ಲಿಯೇ ಸಂಭವಿಸಿದುವು. ತುಂಬಿದ ಕೆರೆಗೆ ಬಾಗಿನವನ್ನು ಅರ್ಪಿಸುವ ಅಧಿಕಾರಿಗಳೂ ಜನಪ್ರತಿನಿಧಿಗಳೂ ಆ ಪೂಜೆಯ ದಿನದಿಂದಲೇ ಮೈದಾಳ, ಮಾರ್ಕೋನಹಳ್ಳಿ, ಕುಣಿಗಲ್ ದೊಡ್ಡಕೆರೆ, ಗುಬ್ಬಿಯ ಕೆರೆಗಳಲ್ಲಿ ಊರಿನ ಈಜುಬಲ್ಲ ಯುವಕರನ್ನು ಸಂಬಳ ಕೊಟ್ಟು ನೇಮಿಸಲಿ. ಹಗ್ಗವನ್ನೂ ತೇಲುಬಳೆಯನ್ನೂ ಇಡಿಸಲಿ. ಸೈಫನ್ನಿನ ಮಟ್ಟ ಸಮೀಪಿಸಿದಾಗ ಕೆಳಗಣವರಿಗೆ ಕೇಳುವಂತೆ ಸೈರನ್ನನ್ನು ಮೊಳಗಿಸಲಿ. ಮಣ್ಣು ತೆಗೆದ ಗುಂಡಿಗಳನ್ನು ಗುರುತಿಸಿ ಬೇಲಿ ಹಾಕಿಸಲಿ. ಇದರ ವೆಚ್ಚವು ಒಂದು ಉತ್ಸವದ ವೆಚ್ಚವನ್ನು ಮೀರದು. ಮುಂದಿನ ಹಸ್ತಾ ಮಳೆಗೆ ಮುನ್ನ ಇಷ್ಟನ್ನು ಮಾಡಿ ಮುಗಿಸುವಂತೆ ಗ್ರಾಮಸಭೆಯಲ್ಲಿಯೂ ತಾಲ್ಲೂಕು ಕಚೇರಿಯಲ್ಲಿಯೂ ಎದ್ದು ನಿಂತು ಕೇಳುವುದು ಈ ಸೀಮೆಯ ತಂದೆತಾಯಿಗಳೆಲ್ಲರ ಹಕ್ಕು, ಹಕ್ಕಿಗಿಂತಲೂ ಮಿಗಿಲಾಗಿ ಕರ್ತವ್ಯ.